ಅನ್ನ ಬಿಟ್ಟ ಅಯ್ಯನವರು

ಉಣ್ಣುವುದೇ ಕಸುಬಾದ ಮನುಷ್ಯನಿಗೆ ಡಾಕ್ಟರು ಉಣ್ಣಬೇಡ ಅಂದರೆ ಅವನು ಎಲ್ಲಿಗೆ ಹೋಗಬೇಕು? ಹಳೇ ಹುಬ್ಬಳ್ಳಿಯ ಗುರುಸಿದ್ದಯ್ಯನವರ ಪಾಡು ಹೀಗಾಗಿತ್ತು. ಅವರು ಜಂಗಮರು. ಅಮಾವಾಸ್ಯೆ, ಶ್ರಾವಣ ಸೋಮವಾರ, ಹೊಸ ಮನೆಯ ಪ್ರವೇಶ, ಸತ್ತವರ ವರ್ಷದ ಕಾರ್ಯ, ಭಕ್ತರ ಮನೆಯಲ್ಲಿ ಏನೇ ನಡೆಯಲಿ, ಮೊದಲು ಅಯ್ಯನವರ ಪಾದ ತೊಳೆದು, ಪೂಜೆ ಮಾಡಿ, ತಾಟು ಮುಂದಿಡಬೇಕು. ಅವರು ಉಂಡ ಮೇಲೆಯೇ ಮನೆಯವರ ಊಟ. ತಾಟಿಗೆ ಬಿದ್ದದ್ದು ಪ್ರಸಾದ, ಅದರಲ್ಲಿ ಒಂದು ಅಗುಳನ್ನೂ ಬಿಡುವಂತಿಲ್ಲ. ಕಡೆಗೆ ತಾಟು ತೊಳೆದ ನೀರನ್ನೂ ಕುಡಿದೇ ಏಳಬೇಕು. ಅವರ ಅಜ್ಜ, ಅಪ್ಪ ಹೀಗೆಯೇ ಉಂಡು ಬಾಳಿದವರು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಹುಬ್ಬಳ್ಳಿಯ ಕಡೆ ಬಂದವನಲ್ಲ. ಬಂದಿದ್ದರೆ ಗುರುಸಿದ್ದಯ್ಯನವರಷ್ಟು ಊಟ ಬಲ್ಲವರನ್ನೂ ಕಾಣುತ್ತಿದ್ದ, ಅವರಷ್ಟು ರೋಗ ಇದ್ದವರನ್ನೂ ಕಾಣುತ್ತಿದ್ದ.

ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಗುಳಿಗೆ ನುಂಗುವುದು, ಮೇಲೆ ಎರಡು ಹೋಳಿಗೆ ಉಣ್ಣುವುದು, ಹೀಗೆ ದಿನ ಹೋಗುತ್ತಿತ್ತು. ಆಮೇಲೆ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಹುಣ್ಣು ಎದ್ದಿತು. ಅದು ಮಾಯಲಿಲ್ಲ.

ಡಾಕ್ಟರು ಕಾಲನ್ನು ತಿರುಗಿಸಿ ನೋಡಿ ಹೇಳಿದರು. "ಅಯ್ಯಾರ, ಸಕ್ಕರಿ ಇಳೀಲಿಲ್ಲಂದ್ರ ಈ ಹುಣ್ಣ ಮಾಯೂದಿಲ್ಲ. ಇದು ಮಾಯಲಿಲ್ಲಂದ್ರ ಕಾಲ ಉಳಿಯೂದಿಲ್ಲ. ತೂಕಾನೂ ಇಳಿಸ್ರಿ. ಅನ್ನ, ರೊಟ್ಟಿ, ಚಪಾತಿ, ಸಿಹಿ, ಇವನ್ನ ಬಿಟ್ಟಂಗ ಕಡಿಮಿ ಮಾಡ್ರಿ."

"ಮತ್ತ ಉಣ್ಣೂದೇನ್ರಿ?" ಎಂದು ಗುರುಸಿದ್ದಯ್ಯನವರು ಕೇಳಿದರು. ಪ್ರಶ್ನೆಯಲ್ಲಿ ಚೇಷ್ಟೆ ಇರಲಿಲ್ಲ. ಅವರಿಗೆ ನಿಜವಾಗಿ ತಿಳಿದಿರಲಿಲ್ಲ.

ಉತ್ತರ ಹೇಳಿದವನು ದುರ್ಗದಬೈಲಿನ ಬಟ್ಟೆ ವ್ಯಾಪಾರಿ ಕುಮಾರಸ್ವಾಮಿ. ಅಯ್ಯನವರ ಹಳೆಯ ಭಕ್ತ. ಅಂಗಡಿಯ ಗಾದಿಯ ಮೇಲೆ ಕೂರಿಸಿಕೊಂಡು, ಮೊಬೈಲಿನಲ್ಲಿ ಯಾರೋ ದಪ್ಪ ತೋಳಿನವನ ಭಾಷಣ ತೋರಿಸಿದ. "ಅನ್ನ, ರೊಟ್ಟಿ ಬಿಡೂದಕ್ಕ ಲೋ ಕಾರ್ಬ್ ಅಂತಾರ್ರಿ ಅಯ್ಯಾರ. ನಾನೂ ಮಾಡೇನಿ. ನೋಡ್ರಿ, ಪ್ಯಾಂಟ ನಿಲ್ಲವಲ್ದು," ಎಂದು ಸೊಂಟದ ಹತ್ತಿರ ಪ್ಯಾಂಟನ್ನು ಎಳೆದು ತೋರಿಸಿದ. ಭಾಷಣ ಮಾಡುವವನು ಬೆಳಗ್ಗೆ ನಾಲ್ಕು ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ ಮೀನು ಅನ್ನುತ್ತಿದ್ದ. ಲಿಂಗ ಕಟ್ಟಿದ ಅಯ್ಯನವರು ಎದ್ದೇ ಬಂದುಬಿಟ್ಟರು.

ಕೆಲಸವನ್ನು ಕೈಗೆತ್ತಿಕೊಂಡವರು ಹೆಂಡತಿ ನೀಲಮ್ಮ. ಕೋಳಿ ಇಲ್ಲದಿದ್ದರೆ ಏನಾಯಿತು, ಪಲ್ಯ ಇಲ್ಲವೇ? ಅಕ್ಕಿ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದರು. ತಮಗೊಬ್ಬರಿಗೇ ಎರಡು ರೊಟ್ಟಿ ಬಡಿದುಕೊಂಡು, ಗಂಡನ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಕೂತು ಉಂಡರು. ಗಂಡನ ತಾಟಿಗೆ ಮೆಂತ್ಯ ಪಲ್ಯ, ಪುಂಡಿ ಪಲ್ಯ, ಗಟ್ಟಿ ಮೊಸರು, ಸೌತೆಕಾಯಿ, ಹುರಿದ ಪನೀರು. ಒಂದು ದಿನ ಹೂಕೋಸನ್ನು ಸಣ್ಣಗೆ ತುರಿದು ಬೇಯಿಸಿ, ಮೇಲೆ ಸಾರು ಹಾಕಿ ತಂದಿಟ್ಟರು.

"ಇದನ್ನ ಅನ್ನ ಅಂತ ತಿಳಕೊಂಡ ಉಣ್ರಿ."

"ನೀಲಾ, ಅನ್ನ ತಿಂದ ಬೆಳದ ಮನಶಾಗ ಅನ್ನ ಯಾವದು ಅಂತ ನೀ ಹೇಳಿಕೊಡಬ್ಯಾಡ," ಎಂದು ಗುರುಸಿದ್ದಯ್ಯನವರು ಗೊಣಗಿದರು. ಗೊಣಗುತ್ತಲೇ ತಾಟು ಖಾಲಿ ಮಾಡಿದರು. ಪ್ರಸಾದ ಬಿಡುವಂತಿಲ್ಲವಲ್ಲ.

ಮೊದಲ ವಾರಗಳನ್ನು ನೆನೆದರೆ ಅವರಿಗೆ ಈಗಲೂ ಸುಸ್ತಾಗುತ್ತದೆ. ತಲೆ ಸಿಡಿಯುತ್ತಿತ್ತು. ಮಾತು ಮಾತಿಗೆ ಸಿಟ್ಟು. ಹೊಟ್ಟೆ ತುಂಬಿದರೂ ಉಂಡಂತೆ ಅನಿಸದು. ಓಣಿಯಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಜಪ ತಪ್ಪಿಹೋಗುತ್ತಿತ್ತು. ಒಂದು ಬೆಳಗ್ಗೆ ಪೂಜೆಗೆ ಕೂತವರು ಬೆವತು, ಕಣ್ಣು ಕತ್ತಲಿಟ್ಟು ವಾಲಿದರು. ಡಾಕ್ಟರು ಇಬ್ಬರನ್ನೂ ಬೈದರು. "ಊಟ ಇಳಿಸಿದ್ರಿ, ಗುಳಿಗಿ ಅಷ್ಟ ನುಂಗಾಕತ್ತೀರಿ. ಹೇಳಬಾರದೇನ್ರಿ ನನಗ?" ಎಂದು ಗುಳಿಗೆಯನ್ನು ಅರ್ಧ ಮಾಡಿದರು.

ಆಮೇಲೆ ಮೈ ಹಗುರಾಗತೊಡಗಿತು, ಸುಳ್ಳು ಹೇಳಬಾರದು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಮೊಣಕಾಲು ಸುಮ್ಮನಿತ್ತು. ಹುಣ್ಣಿನ ಅಂಚು ಒಣಗಿ ಒಳಗೆ ಸರಿಯುತ್ತಿತ್ತು. ನೀಲಮ್ಮ ದಿನಾ ಬೆಳಗ್ಗೆ ಬೆರಳು ಚುಚ್ಚಿ, ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡಿ, ಕಡಿಮೆ ಬಂದ ದಿನ ಮುಖ ಅರಳಿಸುತ್ತಿದ್ದರು. ಆದರೆ ಸುಖವಾಯಿತೇ ಎಂದು ಕೇಳಿದರೆ ಅಯ್ಯನವರು ಏನು ಹೇಳಬೇಕು? ಅವರಿಗೆ ದಣಿವಾಗಿತ್ತು. ಹಸಿವಿನ ದಣಿವಲ್ಲ, ಮನೆ ಮನೆಯಲ್ಲೂ ಅದೇ ಮಾತನ್ನು ಮತ್ತೆ ಮತ್ತೆ ಹೇಳುವ ದಣಿವು.

ಶ್ರಾವಣ ಬಂತು. ಒಂದು ಕಡೆ ಕರಿಗಡುಬು, ಇನ್ನೊಂದು ಕಡೆ ಹೋಳಿಗೆ, ಮತ್ತೊಂದು ಕಡೆ ಶಾವಿಗೆ ಪಾಯಸ. "ನನಗ ಬರೇ ಪಲ್ಯ, ಮಸರ ನೀಡ್ರಿ ತಾಯಿ," ಎಂದರೆ ನೀಡುವ ಕೈ ಅಲ್ಲಿಯೇ ನಿಲ್ಲುತ್ತಿತ್ತು. ನಸುಕಿಗೇ ಎದ್ದು, ಮಡಿಯಲ್ಲಿ ಹೂರಣ ರುಬ್ಬಿದ ಹೆಣ್ಣುಮಗಳ ಮುಖ ಸಣ್ಣಗಾಗುತ್ತಿತ್ತು.

"ನಮ್ಮ ಕೈಯಾಗ ಏನರೆ ತಪ್ಪಾತೇನ್ರಿ ಅಯ್ಯಾರ?"

"ಇಲ್ಲವ್ವಾ, ಸಕ್ಕರಿ."

"ಒಂದಕ್ಕೇನ ಆಗತೈತ್ರಿ? ದೇವರ ಪ್ರಸಾದಕ್ಕ ಸಕ್ಕರಿ ಏರತೈತೇನ್ರಿ?"

ಏರುತ್ತದೆ. ದೇವರ ಪ್ರಸಾದಕ್ಕೂ ಏರುತ್ತದೆ, ಭಕ್ತಿಗೂ ಏರುತ್ತದೆ. ಯಂತ್ರಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಇದನ್ನು ಎಷ್ಟು ಮನೆಯಲ್ಲಿ ಹೇಳುವುದು? ಕೆಲವರು ಅಯ್ಯನವರಿಗೆ ನಮ್ಮ ಮನೆಯ ಊಟ ಸೇರುವುದಿಲ್ಲ ಅಂದರು. ಕೆಲವರು ಸೊರಗಿದ ಮುಖ ನೋಡಿ, ಏನೋ ದೊಡ್ಡ ಕಾಯಿಲೆ ಇರಬೇಕು, ಶುಭಕಾರ್ಯಕ್ಕೆ ಬೇಡ ಅಂದರು. ಕರೆಗಳು ಕಡಿಮೆಯಾದವು. ದೀಪಾವಳಿಯ ಅಂಗಡಿ ಪೂಜೆಗೆ ಕುಮಾರಸ್ವಾಮಿಯೂ ಬೇರೊಬ್ಬ ಹರೆಯದ ಅಯ್ಯನನ್ನು ಕರೆಸಿದ್ದ. ಎದುರು ಸಿಕ್ಕಾಗ ಪಾಪ, ಕೈ ಹೊಸೆದ. "ತಪ್ಪ ತಿಳ್ಕೋಬ್ಯಾಡ್ರಿ. ಮನ್ಯಾಗಿನ ಹೆಣ್ಮಕ್ಕಳಿಗೆ ಅಯ್ಯಾರು ಹೊಟ್ಟಿ ತುಂಬ ಉಂಡ್ರನ ಸಮಾಧಾನ." ಹೀಗೆಂದವನು ಅನ್ನ ಬಿಡಲು ಹೇಳಿಕೊಟ್ಟವನೇ. ಗುರುಸಿದ್ದಯ್ಯನವರಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ತ್ರಾಣ ಬೇಕು.

ಉಳಿದ ಕೆಲವೇ ಕರೆಗಳಲ್ಲಿ ಗರಗದ ದಾನವ್ವನದೂ ಒಂದು. ಖಾದಿ ಕೇಂದ್ರದಲ್ಲಿ ನೂಲುವ ಹೆಂಗಸು. ಅವಳ ಗಂಡ ಮಹಾದೇವಪ್ಪ ಅಲ್ಲಿಯೇ ನೇಯುತ್ತಿದ್ದವನು, ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ತೀರಿಕೊಂಡಿದ್ದ. ಈಗ ವರ್ಷದ ಕಾರ್ಯ. ಅಜ್ಜನ ಕಾಲದಿಂದ ಆ ಮನೆಗೆ ಇವರೇ ಅಯ್ಯನವರು. ಧಾರವಾಡದಲ್ಲಿ ಬಸ್ಸು ಬದಲಿಸಿ, ಗರಗದಲ್ಲಿಳಿದು, ಎಡಗಾಲನ್ನು ಸ್ವಲ್ಪ ಎತ್ತಿ ಎತ್ತಿ ಹಾಕುತ್ತ ಹೋದರು. ಅಂಗಳದಲ್ಲಿ ಬೀಗರು, ನೆಂಟರು ಅಯ್ಯನವರ ಊಟ ಮುಗಿಯುವುದನ್ನೇ ಕಾಯುತ್ತ ಹಸಿದು ಕೂತಿದ್ದರು.

ಪಾದ ತೊಳೆಯಲು ಕೂತ ದಾನವ್ವ ಹಿಮ್ಮಡಿಯ ಹುಣ್ಣನ್ನು ಕಂಡಳು. ಅದಕ್ಕೆ ನೀರು ತಾಗದಂತೆ ಸುತ್ತಲೂ ಮೆಲ್ಲಗೆ ತೊಳೆದಳು. "ನಮ್ಮವರಿಗೂ ಹಿಂಗ ಇತ್ತ್ರಿ," ಎಂದಷ್ಟೇ ಹೇಳಿದಳು.

ತಾಟು ಬಂತು. ಬದನೆಕಾಯಿ ಎಣ್ಣೆಗಾಯಿ, ಮೆಂತ್ಯ ಪಲ್ಯ, ಸೌತೆಕಾಯಿ, ಮೊಸರು. ಅಷ್ಟೇ. ಗುರುಸಿದ್ದಯ್ಯನವರು ಬೆರಗಾದರು.

"ನಿಮ್ಮನಿ ಅಮ್ಮಾರು ಫೋನ್ ಮಾಡಿ ಹೇಳಿದ್ರು," ಎಂದಳು ದಾನವ್ವ. "ಅಯ್ಯಾರಿಗೆ ಸಿಹಿ ನೀಡಬ್ಯಾಡಂದ್ರು."

ಒಬ್ಬರಾದರೂ ತಿಳಿದುಕೊಂಡರಲ್ಲ ಎಂದು ಅವರಿಗೆ ಕಣ್ಣು ಒದ್ದೆಯಾಗುವಷ್ಟು ಹಿತವಾಯಿತು. ಲಿಂಗಕ್ಕೆ ಕೈಮುಗಿದು ಉಣ್ಣತೊಡಗಿದರು. ಅರ್ಧ ಊಟವಾಗಿರಬೇಕು, ದಾನವ್ವ ಒಳಗಿನಿಂದ ಬೋಗುಣಿ ತಂದಳು. ಗೋಧಿ ಹುಗ್ಗಿ. ಬೆಲ್ಲ, ಕೊಬ್ಬರಿ, ಗಸಗಸೆ, ಮೇಲೆ ತುಪ್ಪ. ಇದ್ದಕ್ಕಿದ್ದಂತೆ ಬಾಯಲ್ಲಿ ನೀರು ತುಂಬಿತು. ಅಯ್ಯನವರು ತಟ್ಟನೆ ತಾಟಿನ ಮೇಲೆ ಕೈ ಅಡ್ಡ ಹಿಡಿದರು.

"ನೀಡೂದಿಲ್ರಿ," ಎಂದಳು ದಾನವ್ವ. ಆದರೆ ಹೋಗಲಿಲ್ಲ. ಸೌಟು ಹಿಡಿದುಕೊಂಡೇ ನಿಂತಳು. "ಒಂದ ಮಾತ ಹೇಳ್ಬೇಕಾಗಿತ್ತು."

"ಹೇಳವ್ವಾ."

"ಹ್ವಾದ ವರ್ಷ ದೀಪಾವಳ್ಯಾಗ ಮೊಮ್ಮಕ್ಕಳಿಗಂತ ಹುಗ್ಗಿ ಮಾಡಿದ್ದೆ. ನಮ್ಮವರು ನನಗೊಂದ ಚಮಚೆ ಕೊಡು ಅಂದ್ರು. ನಾ ಕೊಡಲಿಲ್ರಿ. ಎರಡ ವರ್ಷದಿಂದ ಕೊಟ್ಟೇ ಇದ್ದಿಲ್ಲ. ರೊಟ್ಟಿ ಎಣಿಸಿ ನೀಡತಿದ್ದೆ, ಬೆಲ್ಲಕ್ಕ ಕೀಲಿ ಹಾಕತಿದ್ದೆ. ಅವತ್ತ ಬೈದಬಿಟ್ಟೆ. ಕಾಲ ಕೊಳಿಸ್ಕೊಂಡ ನನ್ನ ಕಡಿಂದ ಚಾಕರಿ ಮಾಡಿಸ್ಕೋಬೇಕಂತೀರೇನು ಅಂದೆ. ಸುಮ್ಮನ ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಅದ ವಾರದಾಗ ಎದಿ ಹಿಡಕೊಂಡ ಹ್ವಾದ್ರು."

ಗುರುಸಿದ್ದಯ್ಯನವರ ಕೈ ತಾಟಿನ ಮೇಲೆಯೇ ಇತ್ತು.

"ಡಾಕ್ಟರ್ ಹೇಳಿದ್ದೂ ಖರೇ, ನಾ ಮಾಡಿದ್ದೂ ಖರೇ. ಎಲ್ಲಾರೂ ಹಂಗ ಅಂತಾರ. ಆದ್ರ ಗ್ವಾಡಿ ಕಡೆ ಹೊಳ್ಳಿದ ಆ ಬೆನ್ನ ನನ್ನ ಕಣ್ಣ ಮುಂದಿಂದ ಹೋಗವಲ್ದ್ರಿ. ಅಯ್ಯಾರು ಉಂಡ್ರ ಸತ್ತಾವರಿಗೆ ಮುಟ್ಟತೈತಿ ಅಂತಾರಲ್ರಿ, ಅದಕ್ಕ ಮಾಡಿದ್ದೆ. ಅಷ್ಟರಾಗ ಅಮ್ಮಾರ ಫೋನ್ ಬಂತು. ನೀವು ಉಣ್ಣಬ್ಯಾಡ್ರಿ. ಬರೇ ನೋಡ್ರಿ. ಮಾಡಿದ್ದೆ ಅಂತ ತಿಳಿದ್ರ ಸಾಕು."

ಉಣ್ಣಬಾರದು ಎಂದು ಅವರಿಗೆ ಗೊತ್ತಿತ್ತು. ಇಷ್ಟು ತಿಂಗಳು ಮಂದಿಯ ಮುನಿಸನ್ನು ಹೊತ್ತುಕೊಂಡದ್ದು ಯಾತಕ್ಕೆ? ಕಾಲು ಉಳಿಯಲೆಂದು. ಇವಳೂ ಬೇಡವೆನ್ನುತ್ತಿದ್ದಾಳೆ. ಕೈ ಅಡ್ಡ ಹಿಡಿದೇ ಕೂತರೆ ಯಾರೂ ತಪ್ಪೆನ್ನರು. ಆದರೆ ಉಳಿದ ಮನೆಗಳಲ್ಲಿ ಉಂಡದ್ದು ಮರ್ಯಾದೆಯ ಊಟ, ರೂಢಿಯ ಊಟ. ಇಂಥ ಒಂದು ಊಟಕ್ಕಾಗಿಯೇ ಅಲ್ಲವೇ ತಮ್ಮಂಥವನನ್ನು ಜನ ಇಷ್ಟು ತಲೆಮಾರು ಸಾಕಿದ್ದು? ಅವರಿಗೆ ತಮ್ಮ ಮೇಲೂ, ಕಾಲಿನ ಮೇಲೂ, ಡಾಕ್ಟರ ಮೇಲೂ ಬೇಸರ ಬಂತು. ಕೈ ತೆಗೆದರು.

"ನೀಡವ್ವಾ."

"ಬ್ಯಾಡ್ರಿ ಅಯ್ಯಾರ, ನಿಮ್ಮ ಕಾಲ..."

"ನಾ ಉಣ್ಣಾಕತ್ತಿಲ್ಲ. ಮಾದೇವಪ್ಪ ಉಣ್ಣಾಕತ್ತಾನ. ನೀಡು."

ದಾನವ್ವ ನೀಡಿದಳು. ತುಪ್ಪ ತಾಟಿನ ಅಂಚಿಗೆ ಚೆಲ್ಲಿತು. ಗುರುಸಿದ್ದಯ್ಯನವರು ನಿಧಾನವಾಗಿ ಉಂಡರು. ಎಷ್ಟೋ ತಿಂಗಳ ಮೇಲೆ ಬಿದ್ದ ಸಿಹಿಗೆ ನಾಲಿಗೆ ನಾಚಿಕೆಗೆಟ್ಟು ಕುಣಿಯಿತು. ಸತ್ತವನ ಪಾಲು ಎಷ್ಟು, ತಮ್ಮ ಪಾಲು ಎಷ್ಟು ಎಂದು ಅವರಿಗೇ ತಿಳಿಯಲಿಲ್ಲ. ತಾಟು ಬರಿದಾದಾಗ ದಾನವ್ವ ಬೋಗುಣಿ ಎತ್ತಿಕೊಂಡು ಹೊರಟಳು.

"ಎಲ್ಲಿಗೆ ಹೊಂಟಿ? ಮಾದೇವಪ್ಪ ಒಂದ ಸೌಟಿಗೆ ಏಳಾಂವೇನ? ಇನ್ನೊಂದು ನೀಡು."

ಅವಳು ಇನ್ನೊಂದು ಸೌಟು ನೀಡಿದಳು. ಆಮೇಲೆ ಅಲ್ಲಿಯೇ ಗೋಡೆಗೊರಗಿ ಕೂತು, ಸೆರಗು ಬಾಯಿಗಿಟ್ಟುಕೊಂಡು ಜೋರಾಗಿ ಅತ್ತಳು. ಅಂಗಳದವರು ಗಂಡನ ನೆನಪಾಗಿ ಅಳುತ್ತಾಳೆ ಎಂದು ಸುಮ್ಮನಾದರು. ಅತ್ತು ಮುಗಿದ ಮೇಲೆ ಕೇಳಿದಳು. "ಹೊಟ್ಟಿ ತುಂಬಿತೇನ್ರಿ?" ಯಾರನ್ನು ಕೇಳಿದಳೋ. "ತುಂಬೇತವ್ವಾ," ಎಂದು ಗುರುಸಿದ್ದಯ್ಯನವರು ತಾಟು ತೊಳೆದ ನೀರು ಕುಡಿದು ಎದ್ದರು.

ಸಂಜೆ ಮನೆ ಮುಟ್ಟುವಾಗ ಬಾಯಿ ಒಣಗಿತ್ತು, ತಲೆ ಭಾರವಾಗಿತ್ತು. ನೀಲಮ್ಮ ಮುಖ ನೋಡಿದ ಕೂಡಲೇ ತಿಳಿದುಕೊಂಡು ಯಂತ್ರದ ಡಬ್ಬಿ ತಂದರು.

"ಏನ ಉಂಡ್ರಿ?"

"ಹುಗ್ಗಿ."

"ಅಯ್ಯ ನನ್ನ ಶಿವನ! ನಾ ಫೋನ್ ಮಾಡಿ ಹೇಳಿದ್ರೂ ಆಕಿ ನೀಡಿದಳೇನು?"

"ಆಕಿ ನೀಡಲಿಲ್ಲ. ನಾ ಬೇಡಿ ಉಂಡೆ. ಎರಡ ಸೌಟು."

ನೀಲಮ್ಮನಿಗೆ ಸಿಟ್ಟು ಮೂಗಿನ ತುದಿಗೆ ಬಂತು. ದಿನಾ ಹುಣ್ಣು ತೊಳೆಯುವವರು ಅವರು. "ಹಂಗಾರ ನಾ ಯಾಕ ಇಷ್ಟ ಬಡಕೋಬೇಕು? ಯಾರ ಸಲುವಾಗಿ?" ಎಂದು ಕೂಗಾಡಿದರು. ಅಯ್ಯನವರು ಕೂಗಾಡಲು ಬಿಟ್ಟರು. ಆಮೇಲೆ ದಾನವ್ವ ಹೇಳಿದ್ದನ್ನೆಲ್ಲ ಹೇಳಿದರು. ಗೋಡೆಯ ಕಡೆ ಹೊರಳಿದ ಬೆನ್ನಿನ ಮಾತು ಬಂದಾಗ ನೀಲಮ್ಮ ತಲೆ ತಗ್ಗಿಸಿದರು.

"ನೀಲಾ, ಇಲ್ಲಿ ಕೇಳು," ಎಂದರು ಗುರುಸಿದ್ದಯ್ಯನವರು. "ನಾಳಿಂದ ಮತ್ತ ಅದ ಪಲ್ಯ, ಅದ ಮಸರ ನೀಡು. ನಾ ಹುಗ್ಗಿ ಬೇಡತೇನಿ. ಸಿಟ್ಟ ಮಾಡತೇನಿ. ನಾನೂ ಒಂದಿನ ಗ್ವಾಡಿ ಕಡೆ ಹೊಳ್ಳಿ ಮಲಗೇನು. ಕೊಡಬ್ಯಾಡ. ಆದ್ರ ನಾ ಹ್ವಾದ ಮ್ಯಾಲ ಕೊಡಲಿಲ್ಲಲ್ಲಾ ಅಂತ ಇನ್ನೊಬ್ಬ ಅಯ್ಯನ ಮುಂದ ಸೌಟ ಹಿಡಕೊಂಡ ನಿಂದ್ರಬ್ಯಾಡ. ನೀ ಕೊಡದ್ದೂ ನನಗ ಮುಟ್ಟೇತಿ. ಇದನ್ನ ಈಗ, ಉಸರ ಇದ್ದಾಗ ಹೇಳಾಕತ್ತೇನಿ."

ನೀಲಮ್ಮ ಚುಚ್ಚಲು ಗಂಡನ ಬೆರಳು ಹಿಡಿದುಕೊಂಡರು. ಆಮೇಲೆ ಚುಚ್ಚದೆಯೇ ಅದನ್ನು ಬಿಟ್ಟು, ಯಂತ್ರವನ್ನು ಡಬ್ಬಿಯೊಳಗಿಟ್ಟರು.

"ಇವತ್ತ ನೋಡೂದ ಬ್ಯಾಡ್ರಿ," ಎಂದರು.