ಕೈಗೆ ಕೊಟ್ಟ ಚಾಕು

ಮಂಕಿ ಊರಿನ ನಮ್ಮ ಕೇರಿಯಲ್ಲಿ ಯಾರಿಗೇ ಅಡುಗೆ ಮನೆಗೊಂದು ಚಾಕು ಬೇಕಾದರೂ ಪಕ್ಕದ ಮನೆಯ ಅಕ್ಕನನ್ನೇ ಹೊನ್ನಾವರ ಪೇಟೆಗೆ ಕರೆದೊಯ್ಯುತ್ತಿದ್ದೆವು. ಒದ್ದೆ ಕೈಯಲ್ಲೂ ಹಿಡಿ ಜಾರಬಾರದು, ಅಲಗು ಹಿಡಿಯ ತುದಿಯವರೆಗೂ ಹೋಗಿರಬೇಕು ಎನ್ನುತ್ತಿದ್ದರು. ಆರಿಸಿದ್ದನ್ನು ಮಾತ್ರ ಕೈಗೆ ಕೊಡುತ್ತಿರಲಿಲ್ಲ. ಅಂಗಡಿಯ ಮೇಜಿನ ಮೇಲಿಟ್ಟು, "ತಕೋ. ಕೈಗೆ ಕೊಟ್ರೆ ಜಗಳ ಆಗ್ತದೆ" ಎನ್ನುತ್ತಿದ್ದರು.

ಹಿಂದೊಮ್ಮೆ ಅಕ್ಕ ತಮ್ಮ ತಂಗಿಯ ಹೊಸ ಸಂಸಾರಕ್ಕೆಂದು ಆರಿಸಿದ ಚಾಕುವನ್ನು ಖುಷಿಯಲ್ಲಿ ಕೈಗೇ ಕೊಟ್ಟಿದ್ದರಂತೆ. ಆಮೇಲೆ ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು ತಂಗಿ ಬರುವುದನ್ನೇ ಬಿಟ್ಟರು. "ಎಂತ ಮಾಡುದು, ಚಾಕು ಒಳ್ಳೇದೇ ಇತ್ತು" ಎಂದು ಅಕ್ಕ ಆಗಾಗ ಹೇಳುತ್ತಿದ್ದರು.

ಅಕ್ಕ ತೀರಿಕೊಂಡ ಹನ್ನೆರಡನೇ ದಿನದ ಅಡುಗೆಗೆ ತಂಗಿ ಅದೇ ಚಾಕು ತಂದಿದ್ದರು. ಸೌತೆಕಾಯಿ ಹೆಚ್ಚಲು ನಾನು ಕೈ ಚಾಚಿದೆ. ಆಕೆ ಚಾಕುವನ್ನು ನೆಲದ ಮೇಲಿಟ್ಟರು.