ಕೆಳಗಿನ ಸಾಲಿನ ಆಟ

ಮೂರು ವರ್ಷಗಳ ಕಾಲ ನಾನೂ ಅಕ್ಕನೂ ಎಲ್ಲೂ ಇಲ್ಲದ ಊರೊಂದರಲ್ಲಿ ಭೇಟಿಯಾಗುತ್ತಿದ್ದೆವು. ಮಣ್ಣಿನ ಬಣ್ಣದ ಗೋಡೆಗಳು, ಇಕ್ಕಟ್ಟಾದ ಓಣಿಗಳು, ಒಂದು ನೀಲಿ ಬಾಗಿಲು. ಅಲ್ಲಿ ಯಾವಾಗಲೂ ನಡು ಮಧ್ಯಾಹ್ನ. ಬಿಸಿಲು ಇಳಿಯುವುದಿಲ್ಲ, ನೆರಳು ಉದ್ದವಾಗುವುದಿಲ್ಲ, ಯಾವ ಮನೆಯಿಂದಲೂ ಒಗ್ಗರಣೆಯ ಪರಿಮಳ ಬರುವುದಿಲ್ಲ. ಅದು ಕಂಪ್ಯೂಟರಿನೊಳಗಿನ ಗುಂಡಿನಾಟದ ಊರು. ಅಕ್ಕ ಮುಂಬೈಯಲ್ಲಿ ಗಂಡನ ಮನೆಯಲ್ಲಿದ್ದಳು, ನಾನು ತ್ರಾಸಿಯಲ್ಲಿ ನಮ್ಮ ಮನೆಯಲ್ಲಿದ್ದೆ. ಗಂಡನ ಮನೆಯವರು ನಡೆಸುವ ಕ್ಯಾಂಟೀನಿನ ಊಟದ ಗದ್ದಲ ಮುಗಿದ ಮೇಲೆ ಮೈದುನನ ಕಂಪ್ಯೂಟರ್ ಖಾಲಿ ಬಿದ್ದಿರುತ್ತಿತ್ತು. ಇಲ್ಲಿ ಅಪ್ಪಯ್ಯ ಮೀನಿನ ಬಿಲ್ಲು ಹಾಕಲೆಂದು ತಂದ ಕಂಪ್ಯೂಟರಿನಲ್ಲಿ ನಾನು ಬಿಲ್ಲೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದೆ. ದಿನವೂ ಮಧ್ಯಾಹ್ನ ಆ ಊರಿನ ಓಣಿಗಳಲ್ಲಿ ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದೆವು.

ಗಂಡನ ಮನೆಯ ವಿಷಯ ಅವಳು ಎತ್ತುತ್ತಿರಲಿಲ್ಲ. ಅಲ್ಲಿ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಯಾರೂ ಮಾತನಾಡಿಸಲೂ ಇಲ್ಲ, ಅಷ್ಟೇ. ಇಡೀ ದಿನ ಅವಳ ಕಿವಿಗೆ ಬೀಳುತ್ತಿದ್ದ ಒಳ್ಳೆಯ ಮಾತೆಂದರೆ ಹೆಡ್‌ಫೋನಿನಲ್ಲಿ ಗುರುತು ಪರಿಚಯವಿಲ್ಲದ ಯಾರೋ ‘ಒಳ್ಳೇ ಹೊಡೆತ’ ಎಂದು ಹೇಳುವುದು. ಇದು ನನಗೆ ಗೊತ್ತಾದದ್ದು ಅವಳು ಒಂದೇ ಒಂದು ಬ್ಯಾಗು ಹಿಡಿದು ಮನೆಗೆ ಬಂದು ಎಷ್ಟೋ ದಿನಗಳಾದ ಮೇಲೆ. ಬಂದವಳನ್ನು ನಮ್ಮ ಮನೆಯಲ್ಲೂ ಯಾರೂ ಏನೂ ಕೇಳಲಿಲ್ಲ. ಅಬ್ಬೆ ಅನ್ನ ಬಡಿಸಿದಳು, ಅಪ್ಪಯ್ಯ ಐಸು ತುಂಬಿದ ಗಾಡಿ ಹತ್ತಿ ಗಂಗೊಳ್ಳಿಗೆ ಹೋದರು.

ಆಮೇಲೆ ಮುಂಬೈಯಿಂದ ಮಾತು ಬಂತು. ಭಾವನ ಕಡೆಯ ಹಿರಿಯರು ಸೋಮವಾರ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಾರೆ ಎಂದು. ಅಪ್ಪಯ್ಯ ಹೂಂ ಅಂದರು. ಅಕ್ಕ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅವಳ ಮೌನವನ್ನು ಎಲ್ಲರೂ ತಮಗೆ ಬೇಕಾದಂತೆ ಓದಿಕೊಂಡರು. ನನಗೋ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. “ಬಾಯಿ ಬಿಟ್ ಹೇಳುಕೆ ಎಂತ ಆಯ್ತ್ ನಿಂಗೆ?” ಎಂದು ಹಾರಾಡಿದೆ. ಅವಳು ಬಟ್ಟೆ ಮಡಚುತ್ತ, “ಹೆಣೆ, ಹೋಪುದ್ರೊಳಗೆ ಒಂದ್ ಸಲ ಎಲ್ಲರ ಎದ್ರಿಗೆ ಆಡ್ಕ್. ಅಷ್ಟೇ” ಎಂದಳು.

ಎಲ್ಲರೆದುರು ಆಡುವ ಅವಕಾಶ ಆ ಶನಿವಾರವೇ ಇತ್ತು. ಬ್ರಹ್ಮಾವರದ ಒಂದು ಮದುವೆ ಹಾಲಿನಲ್ಲಿ ಪಂದ್ಯಾವಳಿ. ಸಂಬಳಕ್ಕೆ ಆಡುವ ದೊಡ್ಡ ತಂಡಗಳ ಲೀಗಿಗೆ ನಮ್ಮ ಕರಾವಳಿಯ ಕಡೆಯಿಂದ ಒಂದು ತಂಡವನ್ನು ಆರಿಸುವ ಅರ್ಹತಾ ಸುತ್ತು. ತಂಡಕ್ಕೆ ಐವರು. ಅಕ್ಕ ದೂರದಿಂದ ಗುರಿಯಿಟ್ಟು ಹೊಡೆಯುವವಳು. ನಾನು ಎಲ್ಲಿಗೆ ನುಗ್ಗಬೇಕು, ಎಲ್ಲಿ ಕಾಯಬೇಕು ಎಂದು ಕೂಗಿ ಹೇಳುವವಳು. ಕೂಗುವ ಕೆಲಸಕ್ಕೆ ನಮ್ಮ ಮನೆಯಲ್ಲಿ ನನಗಿಂತ ಯೋಗ್ಯರು ಇರಲಿಲ್ಲ. ಬಿಜೂರಿನ ಅಣ್ಣ-ತಮ್ಮಂದಿರಿಬ್ಬರು ಮುಂದೆ ನುಗ್ಗುವವರು. ಐದನೆಯವನು ಹೆಮ್ಮಾಡಿಯವನು, ಸೇವಂತಿಗೆ ಬೆಳೆಯುವ ಮನೆಯವ. ಅವನು ಹೊಗೆಬಾಂಬು ಎಸೆಯುವುದರಲ್ಲೂ ಹೂವು ಕೊಯ್ಯುವಷ್ಟೇ ಸಾವಧಾನಿ.

ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಎರಡು ಸಾಲು ಮೇಜು, ಹತ್ತು ಕಂಪ್ಯೂಟರ್. ಕಂಬಗಳಿಗೆ ಹಿಂದಿನ ಮದುವೆಯ ಹೂಮಾಲೆ ಇನ್ನೂ ಬಾಡಿಕೊಂಡು ಜೋತಿತ್ತು. ಆಡುವ ಮೊದಲು ಫೋನುಗಳನ್ನೆಲ್ಲ ತೆಗೆದು ಆಯೋಜಕರ ತಟ್ಟೆಯಲ್ಲಿಡಬೇಕು. ಮೇಲೆ ದೊಡ್ಡ ಪರದೆ, ಕೆಳಗೆ ಕುರ್ಚಿ ತುಂಬ ಜನ. ಕಿವಿಗೆ ಹೆಡ್‌ಫೋನ್ ಏರಿಸಿದ ಕೂಡಲೇ ಆ ಗದ್ದಲವೆಲ್ಲ ನೀರಿನಡಿಗೆ ಹೋದಂತಾಯಿತು. ಜನ ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ಶಬ್ದವಿಲ್ಲ. ನನಗೆ ಅದು ಹಿತವಾಯಿತು.

ಆಡುವ ಊರನ್ನು ಆರಿಸುವುದಕ್ಕೂ ಒಂದು ಕ್ರಮವಿದೆ. ಆಟದಲ್ಲಿ ಏಳು ಊರುಗಳು. ಎರಡು ತಂಡಗಳೂ ಸರದಿಯ ಮೇಲೆ ತಮಗೆ ಬೇಡದ್ದನ್ನು ಹೊಡೆದು ಹಾಕುತ್ತಾ, ಬೇಕಾದ್ದನ್ನು ಆರಿಸುತ್ತಾ ಹೋಗಿ ಕೊನೆಗೆ ಮೂರು ಉಳಿಸಿಕೊಳ್ಳಬೇಕು. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ. ಬೆಳಗಿನ ಪಂದ್ಯದಲ್ಲಿ ನಮಗೆ ಎದುರಾದ ಮಂಗಳೂರಿನ ತಂಡ ಮೊದಲ ಸರದಿಯಲ್ಲೇ ನಮ್ಮ ನೀಲಿ ಬಾಗಿಲಿನ ಊರನ್ನು ಹೊಡೆದು ಹಾಕಿತು. ಪರದೆಯ ಮೇಲೆ ಆ ಊರಿನ ಚಿತ್ರ ಕಪ್ಪಾಯಿತು. ಅಕ್ಕ ಅದನ್ನೇ ನೋಡುತ್ತ ಕೂತಳು.

ಮಿಕ್ಕ ಊರುಗಳಲ್ಲಿ ನಮ್ಮದು ಎತ್ತು ಏರಿಗೆ, ಕೋಣ ನೀರಿಗೆ. ಬಿಜೂರಿನ ಅಣ್ಣ ಎಡಕ್ಕೆ ಓಡಿದರೆ ತಮ್ಮ ಬಲಕ್ಕೆ ಓಡುತ್ತಿದ್ದ, ನಾನು ಇಬ್ಬರನ್ನೂ ಬೈಯುತ್ತಿದ್ದೆ. ಎರಡಕ್ಕೆ ಎರಡೂ ಸೋತೆವು. ಅಣ್ಣ-ತಮ್ಮಂದಿರು ಕಾರಿಡಾರಿನಲ್ಲಿ ಜಗಳಕ್ಕೆ ನಿಂತರು, ನಾನು ಬಿಡಿಸಲು ಹೋಗಿ ಮೂರನೆಯವಳಾದೆ. ತಿರುಗಿ ವೇದಿಕೆಗೆ ಬಂದರೆ ಅಕ್ಕನ ಕುರ್ಚಿ ಖಾಲಿ. ಅವಳ ಕೀಬೋರ್ಡಿಲ್ಲ, ಮೌಸಿಲ್ಲ, ಬ್ಯಾಗಿಲ್ಲ. ಫೋನು ಮಾತ್ರ ಇನ್ನೂ ತಟ್ಟೆಯಲ್ಲಿತ್ತು. ಬಾಗಿಲಲ್ಲಿ ನಿಂತಿದ್ದವರು, “ಅವ್ರಾ? ಆಗಳೇ ಕುಂದಾಪ್ರದ್ ಬಸ್ ಹತ್ತಿ ಹೋದ್ರ್” ಎಂದರು.

ಆಗ ನನಗೆ ಹೊಳೆಯಿತು. ಅವಳು ಈ ಆಟವನ್ನು ಮೈದುನನ ಕೋಣೆಯಲ್ಲಿ ಕೂತು ಆಡಿದವಳೇ ಹೊರತು ಪಂದ್ಯಾವಳಿಯನ್ನು ಒಂದು ದಿನವೂ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ನಮ್ಮೂರ ವಾಲಿಬಾಲ್ ಪಂದ್ಯಾಟ. ಅಪ್ಪಯ್ಯ ಹರೆಯದಲ್ಲಿ ಆಡುತ್ತಿದ್ದ ಆ ಪಂದ್ಯಾಟದಲ್ಲಿ ಒಂದು ಸಲ ಸೋತರೆ ಮುಗಿಯಿತು, ನೆಟ್ಟಗೆ ಮನೆಗೆ. ಅಷ್ಟೇ ಅಲ್ಲ, ಸೋತವರು ಊಟಕ್ಕೂ ನಿಲ್ಲುವುದಿಲ್ಲ. ಗೆದ್ದವರು ಊಟಕ್ಕೆ ಕೂರುವ ಮೊದಲೇ ಅಂಗಳ ಬಿಟ್ಟು ಹೊರಡುವುದು ನಮ್ಮ ಕಡೆಯ ಮರ್ಯಾದೆ. ಅಕ್ಕ ಆ ಮರ್ಯಾದೆಯಂತೆ ಹೊರಟಿದ್ದಳು. ಇಲ್ಲಿ ಸೋತವರಿಗೆ ನಾಲ್ಕು ಗಂಟೆಗೆ ಇನ್ನೊಂದು ಆಟವಿದೆ ಎಂದು ನಾವು ನಾಲ್ವರಲ್ಲಿ ಒಬ್ಬರೂ ಅವಳಿಗೆ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಯಾರಿಗೆ ಹೇಳುತ್ತಾರೆ? ಐವರಿಲ್ಲದಿದ್ದರೆ ವೇದಿಕೆ ಹತ್ತಲು ಬಿಡುವುದಿಲ್ಲ.

ಹೆಮ್ಮಾಡಿಯವನ ಸ್ಕೂಟರ್ ಇಸಿದುಕೊಂಡು ಹೊರಟೆ. ಕೋಟ, ತೆಕ್ಕಟ್ಟೆ, ಕೋಟೇಶ್ವರ. ಊಟದ ಹೊತ್ತಿನ ಹೆದ್ದಾರಿ ಬಿಸಿಲಿಗೆ ಮಿರುಗಿ, ದೂರದ ಲಾರಿಗಳು ನೀರಿನ ಮೇಲೆ ತೇಲಿ ಬಂದಂತೆ ಬರುತ್ತಿದ್ದವು. ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆದುಕೊಂಡು ತೂಕಡಿಸುತ್ತಿದ್ದವು. ನಾನು ಎಚ್ಚರದಲ್ಲಿದ್ದೇನೋ ಆ ಇಲ್ಲದ ಊರಿನ ಓಣಿಯಲ್ಲಿದ್ದೇನೋ ಎಂದು ಒಂದೆರಡು ಸಲ ಅನುಮಾನವಾಯಿತು. ಕುಂದಾಪುರದ ಬಸ್ ನಿಲ್ದಾಣದಲ್ಲಿ ಇಳಿದು ಹುಡುಕಿದೆ, ಇರಲಿಲ್ಲ. ಸಂಗಮದ ಸೇತುವೆ ದಾಟುವಾಗ ಕೆಳಗೆ ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಅವಳ ಮೇಲೆ ಸಿಟ್ಟಿತ್ತು, ಹೆದರಿಕೆಯೂ ಇತ್ತು. ಯಾವುದು ಹೆಚ್ಚು ಎಂದು ಕೇಳಿದರೆ ಈಗಲೂ ಹೇಳಲಾರೆ.

ತ್ರಾಸಿಯ ನಮ್ಮ ಮನೆಗೂ ಅವಳು ಬಂದಿರಲಿಲ್ಲ. ಹಾಗೇ ಮುಂದೆ ಹೋದೆ. ಮರವಂತೆಯಲ್ಲಿ ಸಿಕ್ಕಳು. ಅಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಹೊರಗಿನಿಂದ ಬಂದವರೆಲ್ಲ ಸಮುದ್ರ ನೋಡುತ್ತಾ ನಿಲ್ಲುತ್ತಾರೆ. ಸಮುದ್ರ ಮನೆಯ ಹಿತ್ತಿಲಲ್ಲೇ ಇರುವ ನಮ್ಮಂಥವರು ಅದಕ್ಕೆ ಬೆನ್ನು ಹಾಕಿ ಹೊಳೆಯ ಕಡೆ ಕೂರುತ್ತೇವೆ. ಅವಳೂ ಹಾಗೇ ಕೂತಿದ್ದಳು. ಪಕ್ಕದಲ್ಲಿ ಜವಳಿ ಅಂಗಡಿಯ ಚೀಲ, ಚೀಲದಿಂದ ಹೊರಗೆ ಇಣುಕುವ ಕೀಬೋರ್ಡ್.

“ಹ್ವಾಯ್! ಎಂತ ಮಾಡ್ತಿದ್ದೆ ಇಲ್ಲಿ?”

“ಎಂತ ಇಲ್ಲೆ. ಮನೆಗ್ ಹೋಪುಕ್ ಮನಸಾಯ್ಲಿಲ್ಲ, ಮುಂದ್ ಬಂದ್ ಇಳ್ದೆ.”

“ನಾಲ್ಕ್ ಗಂಟೆಗ್ ಆಟ ಇತ್ತ್, ಏಳ್.”

“ಯಾರದ್?”

“ನಮ್ದೇ.”

“ಸೋತಾಯ್ತಲೆ ಹೆಣೆ. ಸೋತವ್ರಿಗ್ ಎಂಥ ಆಟ?”

ಬೈಯಲೆಂದು ಇಡೀ ದಾರಿ ಕೂಡಿಟ್ಟುಕೊಂಡು ಬಂದಿದ್ದ ಮಾತುಗಳನ್ನು ಅವಳ ಮುಖ ನೋಡಿ ಬದಿಗಿಟ್ಟೆ. ಪಕ್ಕದಲ್ಲಿ ಕೂತು ಒಂದು ಕಡ್ಡಿ ಹಿಡಿದು ಮರಳಿನ ಮೇಲೆ ಗೆರೆ ಎಳೆದೆ. ಎಂಟು ತಂಡ. ಗೆಲ್ಲುತ್ತಾ ಹೋದವರು ಮೇಲಿನ ಸಾಲಿನಲ್ಲೇ ಮುಂದೆ ಹೋಗುತ್ತಾರೆ. ಸೋತವರು ಕೆಳಗಿನ ಸಾಲಿಗೆ ಇಳಿಯುತ್ತಾರೆ, ಇಳಿದು ಅಲ್ಲಿ ಆಡುತ್ತಾರೆ. ಅಲ್ಲೂ ಸೋತರೆ ಮಾತ್ರ ಮನೆಗೆ. ಕೆಳಗಿನ ಸಾಲಿನಲ್ಲಿ ಎಲ್ಲರನ್ನೂ ಗೆದ್ದವರು ಕೊನೆಗೆ ಮೇಲಿನ ಸಾಲಿನವರ ಎದುರಿಗೇ ಫೈನಲ್ ಆಡುತ್ತಾರೆ. ಅಲ್ಲಿ ಅವರು ಎರಡು ಪಂದ್ಯ ಗೆಲ್ಲಬೇಕು. ಯಾಕೆಂದರೆ ಮೇಲಿನವರು ಇನ್ನೂ ಒಂದು ಸಲವೂ ಸೋತಿಲ್ಲ, ಅವರಿಗೂ ಒಂದು ಸೋಲಿನ ಅವಕಾಶ ಬಾಕಿ ಇರುತ್ತದೆ.

ಅವಳು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಹೊಳೆಯ ಗಾಳಿಗೆ ಮೇಲಿನ ಸಾಲು ಆಗಲೇ ಅಳಿಸಲು ಶುರುವಾಗಿತ್ತು.

“ಎಲ್ಲರಿಗೂ ಹೀಂಗೆಯಾ? ನಾವ್ ಪಾಪದವ್ರ್ ಅಂದ್ ಕೊಡ್ತ್ರಾ?”

“ಎಲ್ಲರಿಗೂ. ಪಾಪ ಅಂದ್ ಯಾರೂ ಎಂತ ಕೊಡುದಿಲ್ಲೆ.”

“ಕೆಳಗಿಂದ ಮೇಲ್ ಬಂದವ್ರ್ ಇದ್ರಾ?”

“ಕಪ್ ಗೆದ್ದವ್ರೇ ಇದ್ರ್.”

“ಸುಳ್ಳ್ ಹೇಳ್ಬೇಡ ಕಾಣ್.”

“ದೇವ್ರಾಣೆ ಮರಾಯ್ತಿ! ಈಗ ಏಳ್ತ್ಯಾ ಇಲ್ಯಾ?”

ಎದ್ದಳು. ಸ್ಕೂಟರಿನ ಹಿಂದೆ ಕೂತಳು. ಬ್ರಹ್ಮಾವರದವರೆಗೂ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದಳು. ಕೀಬೋರ್ಡಿನ ಮೂಲೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು, ನಾನು ಸರಿ ಮಾಡಿಕೋ ಎಂದು ಹೇಳಲಿಲ್ಲ.

ನಾಲ್ಕು ಗಂಟೆಯ ಪಂದ್ಯ ಕಾರ್ಕಳದ ಕಡೆಯ ತಂಡದೊಡನೆ. ಅವರೂ ಬೆಳಗ್ಗೆ ಸೋತು ಕೆಳಗಿಳಿದವರು, ಮುಖದಲ್ಲಿ ನಮ್ಮಷ್ಟೇ ಕಳೆ. ಮೊದಲ ಊರು ನಾವು ಗೆದ್ದೆವು, ಎರಡನೆಯದು ಅವರು. ಹೊಡೆದು ಹಾಕದೆ ಉಳಿದಿದ್ದ ಮೂರನೆಯದು ನಮ್ಮದೇ ಊರು. ಪರದೆಯ ಮೇಲೆ ಆ ಮಣ್ಣಿನ ಗೋಡೆಗಳು ತೆರೆದುಕೊಂಡಾಗ ಹೆಡ್‌ಫೋನಿನಲ್ಲಿ ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು.

ಅಲ್ಲಿ ಅವಳು ಹೇಗೆ ಆಡಿದಳು ಎಂದು ಹೊಗಳಲು ನನಗೆ ನಾಚಿಕೆಯಿಲ್ಲ. ಅವಳು ಓಡುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಿಂತು, ಬಾಗಿಲಿನ ಸಂದಿಯೊಂದಕ್ಕೆ ಗುರಿಯಿಟ್ಟು ಕಾಯುತ್ತಿದ್ದಳು. ಎದುರಿನವರು ಆ ಸಂದಿಗೆ ಬಂದೇ ಬರುತ್ತಿದ್ದರು. ಮೂರು ವರ್ಷ ಆ ಊರಲ್ಲಿ ಬದುಕಿದವಳಲ್ಲವೇ, ಗುಂಡಿನ ಸದ್ದನ್ನು ಬಿಟ್ಟರೆ ಅವಳಿಗೆ ಅದು ತವರು. ಕೆಳಗೆ ಕುರ್ಚಿಯಲ್ಲಿದ್ದ ಜನ ಎದ್ದು ನಿಂತಿದ್ದರು ಎಂದು ಆಮೇಲೆ ಹೇಳಿದರು. ನಾನಂತೂ ಕಾಣಲಿಲ್ಲ. ನನ್ನ ಕಣ್ಣಿಗೆ ಆ ನಿಂತ ಬಿಸಿಲು ಬಿಟ್ಟು ಬೇರೇನೂ ಇರಲಿಲ್ಲ.

ಹದಿಮೂರು ಸುತ್ತು ಮೊದಲು ಗೆದ್ದವರಿಗೆ ಊರು. ಅವರದು ಹನ್ನೆರಡಾಗಿತ್ತು, ನಮ್ಮದು ಹನ್ನೊಂದು. ಆ ಸುತ್ತಿನಲ್ಲಿ ಬಿಜೂರಿನವರು ಇಬ್ಬರೂ ಹೋದರು, ಹೆಮ್ಮಾಡಿಯವನು ಹೋದ, ಬಾವಿಕಟ್ಟೆಯ ಹತ್ತಿರ ನಾನೂ ಸತ್ತೆ. ಉಳಿದವಳು ಅಕ್ಕ ಒಬ್ಬಳೇ. ಎದುರಿಗೆ ಇಬ್ಬರು. ನಮ್ಮ ತಂಡದಲ್ಲಿ ನಾವೇ ಮಾಡಿಕೊಂಡ ಒಂದು ಕಟ್ಟುಪಾಡಿತ್ತು. ಒಬ್ಬರೇ ಉಳಿದಾಗ ಸತ್ತವರು ಬಾಯಿ ತೆರೆಯಬಾರದು, ಆಡುವವರಿಗೆ ಹೆಜ್ಜೆ ಸಪ್ಪಳ ಕೇಳಿಸಬೇಕು. ನಾಲ್ವರೂ ತುಟಿ ಕಚ್ಚಿಕೊಂಡು ಅವಳ ಕಣ್ಣಿನಿಂದ ಅವಳ ಮುಂದಿನ ಓಣಿಯನ್ನು ನೋಡುತ್ತಿದ್ದೆವು. ನೀಲಿ ಬಾಗಿಲು. ಖಾಲಿ ಅಂಗಳ. ಯಾರೂ ಬರುತ್ತಿಲ್ಲ.

ಆ ಮೌನದಲ್ಲಿ ಅಕ್ಕ ಮಾತಾಡಿದಳು. ಗುರಿ ಒಂದಿಷ್ಟೂ ಅಲುಗಲಿಲ್ಲ.

“ಹೆಣೆ, ನಾ ಸೋಮವಾರ ಹೋತಿಲ್ಲೆ.”

ನಾನು ಸತ್ತಿದ್ದೆ, ಉತ್ತರ ಕೊಡುವಂತಿರಲಿಲ್ಲ. ಬಾಗಿಲಲ್ಲಿ ಒಬ್ಬ ಕಾಣಿಸಿಕೊಂಡ, ಅಕ್ಕ ಅವನನ್ನು ಬೀಳಿಸಿದಳು. ಎರಡನೆಯವನು ಹಿಂದಿನ ಓಣಿಯಿಂದ ಬಂದ. ಅವಳು ತಿರುಗುವಷ್ಟರಲ್ಲಿ ಪರದೆ ಕಪ್ಪಾಯಿತು.

ಸೋತೆವು. ಎರಡನೆಯ ಸಲ. ಹೆಡ್‌ಫೋನ್ ತೆಗೆದ ಕೂಡಲೇ ಹಾಲಿನ ಗದ್ದಲವೆಲ್ಲ ಒಮ್ಮೆಲೇ ಮೈಮೇಲೆ ಬಿತ್ತು. ಕಾರ್ಕಳದವರು ಬಂದು ಕೈ ಕುಲುಕಿದರು. ಬಿಜೂರಿನ ತಮ್ಮ ಅಳುತ್ತಿದ್ದ, ಅಣ್ಣ ಅವನ ಬೆನ್ನು ತಟ್ಟುತ್ತಿದ್ದ. ಅಕ್ಕ ನಿಧಾನವಾಗಿ ಕೀಬೋರ್ಡಿನ ವಯರು ಸುತ್ತುತ್ತಿದ್ದಳು.

“ಆಗ ಎಂತ ಹೇಳ್ದೆ?” ಎಂದೆ.

“ಕೇಣ್ಲಿಲ್ಯಾ?”

“ಕೇಣ್ತ್. ಇನ್ನೊಂದ್ ಸಲ ಹೇಳ್.”

ಅವಳು ವಯರಿಗೆ ರಬ್ಬರು ಹಾಕಿ ನನ್ನ ಕಡೆ ತಿರುಗಿದಳು. “ಇಲ್ಲಿ ಎರಡ್ ಸಲ ಸೋತೆ, ಮುಗೀತ್. ಮುಂಬೈಲಿ ಸೋತದ್ ಒಂದೇ ಸಲ ಅಲ್ದಾ? ಊರಲ್ಲಿ ನಿಂತ್ ಆಡುಕೆ ಕೆಳಗಿನ್ ಸಾಲ್ ಇನ್ನೂ ಇತ್ತ್.”

ಎದ್ದು ಹೋಗಿ ಆಯೋಜಕರಿಂದ ಫೋನು ತೆಗೆದುಕೊಂಡಳು. ಹೊರಗೆ ಹೋಗಿ ಮಾತಾಡು ಎಂದು ನಾನು ಸನ್ನೆ ಮಾಡಿದೆ. ಅವಳು ಹೋಗಲಿಲ್ಲ. ವೇದಿಕೆಯ ನಡುವೆ, ಅಷ್ಟು ಜನರ ಎದುರು, ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡು ದೊಡ್ಡ ದನಿಯಲ್ಲಿ ಹೇಳಿದಳು:

“ಅಪ್ಪಯ್ಯ, ನಾನ್. ಹೌದ್, ಸೋತಾಯ್ತ್. ಅದಲ್ಲ. ಸೋಮವಾರ ಅವ್ರಿಗ್ ಬಪ್ಪುದ್ ಬ್ಯಾಡ ಅಂದ್ ಹೇಳಿ. ನಿಮಗೆ ಹೇಳುಕ್ ಆಗ್ದಿದ್ರೆ ಆ ಹಿರಿಯರ್ ನಂಬರ್ ಕೊಡಿ, ನಾನೇ ಹೇಳ್ತೆ.”