ಅನುಭವ ಕೇಳುವವರ ಊರಿನಲ್ಲಿ

ಬೇಡ ಎನ್ನುವುದನ್ನು ನ್ಯೂಜಿಲೆಂಡಿನವರಷ್ಟು ನಯವಾಗಿ ಹೇಳುವ ಜನ ಬೇರೆಲ್ಲೂ ಇರಲಾರರು. ಎರಡು ಸಾವಿರದ ದಶಕದಲ್ಲಿ, ನಾನು ಕ್ರೈಸ್ಟ್‌ಚರ್ಚ್‌ನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾಗ, ನನ್ನ ಅರ್ಜಿಗಳಿಗೆ ಬರುತ್ತಿದ್ದ ಉತ್ತರಗಳನ್ನು ಓದಿದರೆ, ನನಗೆ ಕೆಲಸ ಕೊಡಲಾಗದ ದುಃಖದಲ್ಲಿ ಕಂಪನಿಯವರು ಊಟ ಬಿಟ್ಟಿದ್ದಾರೇನೋ ಅನ್ನಿಸುತ್ತಿತ್ತು. ನನ್ನ ಮುಂದಿನ ಹಾದಿಗೆ ಎಲ್ಲರೂ ಶುಭ ಕೋರುವವರೇ. ಆ ಹಾದಿ ತಮ್ಮ ಬಾಗಿಲಿಗೆ ಬರದಿದ್ದರೆ ಸರಿ.

ರಜೆಯಲ್ಲಿ ಓದಿಗೆ ಸಂಬಂಧಪಟ್ಟ ಕಡೆ ದುಡಿದ ಅನುಭವವಿಲ್ಲದೆ ನಮಗೆ ಪದವಿ ಸಿಗುವಂತಿರಲಿಲ್ಲ. ಅನುಭವವಿಲ್ಲದವರನ್ನು ಕಂಪನಿಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಉದ್ಯೋಗ ಮೇಳದಲ್ಲಿ ಒಬ್ಬ ಮಹಾಶಯ "ಅನುಭವ ಇದೆಯೇ?" ಎಂದ. "ಅದನ್ನು ಹುಡುಕಿಕೊಂಡೇ ಬಂದಿದ್ದೇನೆ" ಎಂದೆ. ಮನಸಾರೆ ನಕ್ಕು ಕೈಗೊಂದು ಬಲೂನು ಕೊಟ್ಟ. ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿ ಬಲೂನು ಹಿಡಿದುಕೊಂಡು ಬಸ್ಸಿನಲ್ಲಿ ಮನೆಗೆ ಬಂದಳು.

ಅವ್ವನ ಪಾಡು ಬೇರೆ. ನಾವೆಲ್ಲ ಇಲ್ಲಿಗೆ ವಲಸೆ ಬರುವ ಮೊದಲು ಗದಗಿನ ಹೆರಿಗೆ ವಾರ್ಡಿನಲ್ಲಿ ಅರ್ಧ ಆಯುಷ್ಯ ಕಳೆದ ನರ್ಸ್ ಅವಳು. ಇಲ್ಲಿನ ನೋಂದಣಿಯಾದ ಮೇಲೂ ಆಸ್ಪತ್ರೆಗಳು ನ್ಯೂಜಿಲೆಂಡಿನ ಅನುಭವ ಕೇಳುತ್ತಿದ್ದವು. "ಕೂಸುಗೋಳು ಇಲ್ಲೆ ಬ್ಯಾರೆ ದಾರೀಲೆ ಬರ್ತಾವೇನ?" ಎಂದು ಗೊಣಗುತ್ತಾ ವೃದ್ಧಾಶ್ರಮಕ್ಕೆ ಹಾಸಿಗೆ ಬದಲಿಸಲು ಹೋಗುತ್ತಿದ್ದಳು. ಒಂದೇ ಮನೆಯಲ್ಲಿ ಒಬ್ಬಳಿಗೆ ಅನುಭವವೇ ಇಲ್ಲ, ಇನ್ನೊಬ್ಬಳಿಗೆ ಇದ್ದದ್ದು ಇಲ್ಲಿ ನಡೆಯುವುದಿಲ್ಲ.

ಭಾನುವಾರ ಅಪ್ಪ ಕ್ರಿಕೆಟ್ ನೋಡುತ್ತಿದ್ದರೆ ಅಡುಗೆಮನೆಯಲ್ಲಿ ನಮ್ಮ ಸಂದರ್ಶನದ ತಾಲೀಮು. "ನಿಮ್ಮ ವೀಕ್‌ನೆಸ್ ಏನು?" ಎಂದು ಗತ್ತಿನಿಂದ ಕೇಳಿದೆ.

"ಮಣಕಾಲ ನೋವು," ಎಂದಳು ಅವ್ವ.

ತಂಡದಲ್ಲಿ ಮಾಡಿದ ಕೆಲಸದ ಬಗ್ಗೆ ಹೇಳು ಎಂದಾಗ, ಕರೆಂಟು ಹೋದ ವಾರ್ಡಿನಲ್ಲಿ ಅವಳಿ ಮಕ್ಕಳ ಹೆರಿಗೆ ಮಾಡಿಸಿದ ಕತೆ ಹೇಳಿದಳು. ಉದ್ದಕ್ಕೂ ನಾವು, ನಾವು. ನಾನು ತಡೆದೆ. "ನಾವು ಅನ್ಬ್ಯಾಡವ್ವಾ. ನಾನು ಅನ್ಬೇಕು. ನಮ್ಮ ಕಾಲೇಜಿನ ಕರಿಯರ್ ಅಡ್ವೈಸರ್ ಹೇಳ್ಯಾರ."

"ಹಡದಾಕಿ ಆಕಿ. ಟಾರ್ಚ್ ಹಿಡದಾಕಿ ಆಯಾ. ನಾನು ಅಂದ್ರ ಸುಳ್ಳಾಗೂದಿಲ್ಲೇನ?"

ನಾನು ಮುಂದಿನ ಪ್ರಶ್ನೆಗೆ ಹಾರಿದೆ.

ಕೊನೆಗೆ ನೆಲ್ಸನ್‌ನ ಹಣ್ಣಿನ ರಸದ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ಬಸ್ಸು ಗುಡ್ಡಗಳಲ್ಲಿ ಸುತ್ತಿ ಸುತ್ತಿ ಇಳಿಸುವಷ್ಟರಲ್ಲಿ ವಾಂತಿಯಾಗಿ ನನ್ನ ಹೊಟ್ಟೆಯೊಂದಿಗೆ ಬಾಯಿಪಾಠವೂ ಖಾಲಿಯಾಗಿತ್ತು. ರಬ್ಬರ್ ಬೂಟು ತೊಟ್ಟ ಇಂಜಿನಿಯರ್ ಹೆಂಗಸು ತಂಡದ ಪ್ರಶ್ನೆಯನ್ನೇ ಕೇಳಿದಳು. ಲ್ಯಾಬಿನಲ್ಲಿ ಪಂಪು ಕೆಟ್ಟ ದಿನವನ್ನು ವಿವರಿಸಿದೆ. ಜಂಬಕ್ಕೂ ಶಕ್ತಿ ಬೇಕು, ನನ್ನಲ್ಲಿ ಉಳಿದಿರಲಿಲ್ಲ. ಸೋರುವ ಜಾಗ ಕಂಡುಹಿಡಿದದ್ದು ಗೆಳತಿ, ಬಿಗಿಮಾಡಿದ್ದು ಇನ್ನೊಬ್ಬ ಎಂದೆ.

"ನೀನು?"

"ಬಕೆಟ್ ಹಿಡಿದಿದ್ದೆ."

"ಬಕೆಟ್ ತುಂಬಿದಾಗ?"

"ಇನ್ನೊಂದು ತಂದೆ."

ಅವಳು ಗಟ್ಟಿಯಾಗಿ ನಕ್ಕಳು. "ಇಲ್ಲಿನ ಕೆಲಸವೂ ಹೆಚ್ಚುಕಡಿಮೆ ಅದೇ. ಸೋಮವಾರ ಬರ್ತೀಯಾ?"

ಬೇಸಿಗೆಯೆಲ್ಲ ಟ್ಯಾಂಕು ತೊಳೆದೆ, ವಾಲ್ವುಗಳ ಹೆಸರು ಕಲಿತೆ, ಮೈಯೆಲ್ಲ ಸೇಬಿನ ವಾಸನೆ ಹತ್ತಿಸಿಕೊಂಡೆ. ಅಷ್ಟರಲ್ಲಿ ಕ್ರೈಸ್ಟ್‌ಚರ್ಚ್‌ನ ಆಸ್ಪತ್ರೆಯೊಂದು ಅವ್ವನನ್ನು ಬಾಣಂತಿಯರ ವಾರ್ಡಿಗೆ ನರ್ಸ್ ಆಗಿ ತೆಗೆದುಕೊಂಡಿತು.

ಅವಳ ಮೊದಲ ದಿನದ ಸಂಜೆ ಫೋನು ಮಾಡಿದೆ. "ಒಂದ್ ಕೂಸು ಎಷ್ಟ್ ಅತ್ತೂ ಅಂದ್ರ, ಹಡದ ಹುಡಿಗಿ ಗಾಬರಿಯಾಗಿ ತಾನೂ ಅಳಾಕ ಹತ್ತಿದ್ಲು. ನಾ ಕೂಸಿನ್ನ ಎತಗೊಂಡು..." ಎಂದು ಶುರುಮಾಡಿದಳು. ಮಾತು ಅಲ್ಲೇ ನಿಂತಿತು. "ಅವ್ವಾ?" ಎಂದೆ. ಆ ಕಡೆಯಿಂದ ಸಣ್ಣಗೆ ಗೊರಕೆ ಕೇಳಿಸಿತು.

ಕೆಲಸ ಹುಡುಕುವ ದಣಿವಿಗೆ ನಿದ್ದೆ ಹತ್ತುವುದಿಲ್ಲ. ಎಷ್ಟೋ ತಿಂಗಳು ನಾವಿಬ್ಬರೂ ಗೋಡೆಯ ಆಚೆ ಈಚೆ ಹೊರಳಾಡಿದ್ದೆವು. ಕೆಲಸ ಮಾಡಿದ ದಣಿವಿನ ಜಾತಿಯೇ ಬೇರೆ. ಆ ಕೂಸು ಅಳು ನಿಲ್ಲಿಸಿತೇ ಎಂದು ನಾಳೆ ಕೇಳಿದರಾಯಿತೆಂದು, ಸದ್ದಾಗದಂತೆ ಫೋನಿಟ್ಟೆ.